ಕಾಂಡ್ಲಾ ಮೊಳೆ ನೀರು ಕುಡಿದ ದಿನ

ಎರಡು ದೋಣಿ ತುಂಬ ಕಬ್ಬಿಣದ ಪೈಪು ಹೇರಿಕೊಂಡು ಬಂದ ಗುತ್ತಿಗೆದಾರನಿಗೆ ನಾವು ದಕ್ಕೆಯಲ್ಲೇ ಹೇಳಿದ್ದೆವು, ಇದು ಇಲ್ಲಿ ಬಾಳುವುದಿಲ್ಲ ಎಂದು. ಅವನು ನಕ್ಕ. "ಪ್ರತಿ ಊರಲ್ಲೂ ಇಂಥದೊಂದು ಕಥೆ ಇರುತ್ತೆ ಕಣಮ್ಮ" ಎಂದು ನನಗೇ ಸಮಾಧಾನ ಹೇಳಿ ಪೈಪುಗಳನ್ನು ದಂಡೆಯ ಮೇಲೆ ಸಾಲಾಗಿ ಇಳಿಸಿದ. ಮರುದಿನ ಅವು ಕೆಂಪಾದವು. ಮೂರನೆಯ ದಿನ ಬೆಳಿಗ್ಗೆ ಪೈಪು ಇದ್ದ ಜಾಗದಲ್ಲಿ ಉದ್ದುದ್ದ ಕೆಂಪು ಪುಡಿಯ ಗೆರೆಗಳಷ್ಟೇ ಇದ್ದವು. ಗಾಳಿ ಬೀಸಿದಾಗ ಅವೂ ಹೋದವು. ಅವನ ಬೆಲ್ಟಿನ ಕೊಕ್ಕೆಯೂ ಪುಡಿಯಾಗಿ, ಪಾಪ, ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ದೋಣಿ ಹತ್ತಿದ. ನಗಬಾರದಿತ್ತು. ಆದರೆ ಇಡೀ ದಕ್ಕೆ ನಕ್ಕಿತು.

ನಮ್ಮೂರಲ್ಲಿ ಕಬ್ಬಿಣ ಮೂರು ದಿನ ದಾಟುವುದಿಲ್ಲ. ಎಂದಿನಿಂದ ಹೀಗೆ ಎಂದು ಯಾರೂ ಕೇಳಿಕೊಳ್ಳಲು ಹೋಗಿಲ್ಲ. ಹೊರಗಿನಿಂದ ಬರುವ ನೆಂಟರು ಬೀಗದ ಕೈಯನ್ನು ಊರ ಗಡಿಯ ಅಂಗಡಿಯಲ್ಲಿ ಬಿಟ್ಟು ಬರುತ್ತಾರೆ. ಕ್ಷೌರಕ್ಕೆ ಕಂಚಿನ ಕತ್ತಿ, ಬಾವಿಗೆ ಮರದ ರಾಟೆ, ಹೊಲಿಗೆಗೆ ಮರದ ಸೂಜಿ. ಉಳಿದದ್ದಕ್ಕೆಲ್ಲ ಕಾಂಡ್ಲಾ. ಹಿನ್ನೀರಿನ ಕೆಸರಿನಲ್ಲಿ ಬೇರುಗಳ ಮೇಲೆ ಎದ್ದು ನಿಂತ ಆ ಮರ ಇಲ್ಲದಿದ್ದರೆ ನಾವು ಯಾರೂ ಇಲ್ಲಿ ಇರುತ್ತಿರಲಿಲ್ಲ. ಅದರ ಇದ್ದಿಲಿನ ಕಾವಿಗೇ ಕಂಚು ಕರಗುವುದು, ಅದರ ತೊಗಟೆ ಬೇಯಿಸಿದ ಕೆಂಪು ನೀರಿನಲ್ಲಿ ಅದ್ದಿದ್ದಕ್ಕೇ ಬಲೆಗಳು ಕೊಳೆಯದೆ ನಾಲ್ಕು ಮಳೆಗಾಲ ಬರುವುದು. ಬಾಗಿಲ ತಿರುಗಣಿ, ಚಕ್ಕಡಿಯ ಅಚ್ಚು, ದೋಣಿಯ ಪಕ್ಕೆಲುಬು ಎಲ್ಲವೂ ಅದೇ. ಮತ್ತು ಮೊಳೆ. ಮೊಳೆ ಮಾಡುವವಳು ನಾನು, ತುಳ್ಸು. ನನ್ನ ಅಪ್ಪ ಮಾಡುತ್ತಿದ್ದರು, ಅವರು ಹೋದ ಮೇಲೆ ನಾನು.

ಕಾಂಡ್ಲಾವನ್ನು ಹಸಿಯಾಗಿದ್ದಾಗಲೇ ಸೀಳಬೇಕು. ಒಣಗಿದ ಮೇಲೆ ಕಂಚಿನ ಉಳಿಯ ಬಾಯಿಯೇ ಮಡಚಿಹೋಗುತ್ತದೆ. ಸೀಳಿದ್ದನ್ನು ಮೂರು ತಿಂಗಳು ಕೆಸರಿನಲ್ಲಿ ಹೂತು, ಆಮೇಲೆ ಒಂದು ವರ್ಷ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತೇನೆ. ಎರಡು ಮೊಳೆ ತಾಗಿಸಿದರೆ ಗಂಟೆಯಂತೆ ಸದ್ದು ಬರಬೇಕು. ಬಂದರೆ ಅದು ಮೊಳೆ, ಬಾರದಿದ್ದರೆ ಒಲೆಗೆ.

ಪೈಪು ತರಿಸಿದ್ದು ಯಾಕೆಂದರೆ ಊರಿಗೆ ಕುಡಿಯುವ ನೀರು ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಕಡಲು ಉಕ್ಕಿ ಊರೊಳಗೆ ಬಂದು ಹೋಯಿತು. ಹೋಗುವಾಗ ಬಾವಿಗಳಲ್ಲಿ ಉಪ್ಪು ಬಿಟ್ಟು ಹೋಯಿತು. ಹಿನ್ನೀರಿನ ಆಚೆ ದಡದ ಗುಡ್ಡದಲ್ಲಿ ಒಂದು ಒರತೆ ಇತ್ತು, ಎಂಥ ಬೇಸಿಗೆಗೂ ಬತ್ತದ್ದು. ಗುಲಾಬಿ ಎಂಬವಳು, ನನ್ನ ಓರಗೆಯವಳು, ತನ್ನ ದೊಡ್ಡ ದೋಣಿಯಲ್ಲಿ ಕೊಡ ತುಂಬಿಕೊಂಡು ದಿನಕ್ಕೆ ಆರು ಸಲ ಆಚೆ ಈಚೆ ಹೋಗಿ ಬರುತ್ತಿದ್ದಳು. ಅವಳ ಅಂಗೈ ನೋಡಿದರೆ ಅಳು ಬರುತ್ತಿತ್ತು. ಪೈಪಿನ ಆಸೆಯೂ ಪುಡಿಯಾದ ಮೇಲೆ ಊರ ಯಜಮಾನ ಹೊನ್ನಪ್ಪಣ್ಣ ಎಲ್ಲರನ್ನೂ ದಕ್ಕೆಯ ಬಳಿ ಸೇರಿಸಿದರು.

"ಇನ್ನು ಆಗೂದಿಲ್ಲ" ಎಂದರು ಅವರು. "ರೋಹಿಣಿ ಮಳೆ ಹುಟ್ಟೂ ದಿನ ಸಂಜೆ ಉಬ್ಬರಕ್ಕೆ ಎಲ್ಲಾ ದೋಣಿ ಬಿಡ್ಬೇಕು. ಆ ಮೇಲೆ ಮಳೆಗಾಲ ಮುಗಿಯೂವರೆಗೆ ಕಡಲು ಮುಚ್ತದೆ, ದೋಣಿ ಹೋಗೂದಿಲ್ಲ. ದಕ್ಷಿಣಕ್ಕೆ ನನ್ನ ಭಾವನ ಊರಲ್ಲಿ ಜಾಗ ಕೊಡ್ತೆ ಅಂದಿದ್ದಾರೆ."

ಎಷ್ಟೋ ದಿನದಿಂದ ತಲೆಯಲ್ಲಿ ತಿರುಗುತ್ತಿದ್ದ ಮಾತು ಬಾಯಿಗೆ ಬಂದೇಬಿಟ್ಟಿತು.

"ಕಾಂಡ್ಲಾದಲ್ಲೇ ನೀರು ತರೂಕೆ ಆಗ್ತದೆ" ಎಂದೆ. "ಆಚೆ ದಡದಿಂದ ಇಲ್ಲಿವರೆಗೆ ಜೋಡಿ ಕಂಬ ಹೂಳೂದು, ಮೇಲೆ ನೀರು ಹರಿಯೂಕೆ ಹಲಗೆ ದಂಬೆ. ನೂರಾ ಅರವತ್ತು ಮಾರು. ನಾನು ಹಗ್ಗ ಹಿಡ್ದು ಅಳ್ದಿದ್ದೇನೆ."

ಗದ್ದಲ ಎದ್ದಿತು. ತೆಂಗಿನ ದಂಬೆ ಹಾಕಿ ನೋಡಿದ್ದು ನೆನಪಿಲ್ಲವೇ, ಒಂದೇ ಮಳೆಗಾಲಕ್ಕೆ ಕೊಳೆಯಿತು, ಕಂಬಗಳನ್ನು ನೀರೊಳಗಿನ ಹುಳು ಕೊರೆದು ಜರಡಿ ಮಾಡಿತು ಎಂದು ಒಬ್ಬೊಬ್ಬರೂ ಕೂಗಿದರು. ಕಾಂಡ್ಲಾವನ್ನು ಹುಳು ಮುಟ್ಟುವುದಿಲ್ಲ, ದಕ್ಕೆಯ ಕಂಬ ನಮ್ಮಜ್ಜನ ಕಾಲದ್ದು ಎಂದು ನಾನೂ ಕೂಗಿದೆ.

ಹೊನ್ನಪ್ಪಣ್ಣ ಕೈ ಎತ್ತಿದರು. "ತುಳ್ಸು, ಒಂದು ಮಾತು ಕೇಳ್ತೆ, ಸಿಟ್ಟಾಗ್ಬೇಡ. ಹೊರಗಿನ ಊರಲ್ಲಿ ಕಬ್ಬಿಣದ ಮೊಳೆ ಮುಷ್ಟಿ ಮುಷ್ಟಿ ಸಿಗ್ತದೆ. ನಿನ್ನ ಮರದ ಮೊಳೆ ಅಲ್ಲಿ ಯಾರಿಗೂ ಬೇಡ. ಅದಕ್ಕೇ ಊರನ್ನು ಇಲ್ಲಿ ಕಟ್ಟಿಹಾಕೂಕೆ ನೋಡ್ತಿಯೋ?"

ನನಗೆ ಸಿಟ್ಟು ಬರಲಿಲ್ಲ. ಅದು ನಿಜವಾಗಿತ್ತು. "ಹೌದು" ಎಂದೆ. "ಅದಕ್ಕೂ ಸೈ. ನಾನು ಬೇರೆ ಕಡೆ ಹೋಗಿ ಎಂತ ಮಾಡೂದು? ಆದ್ರೆ ನಂಗೆ ಬೇಕು ಅಂದ ಮಾತ್ರಕ್ಕೆ ಅದು ಆಗದ ಕೆಲಸ ಆಗೂದಿಲ್ಲ ಅಲ್ವಾ?"

ಹಿಂದೆ ಯಾರೋ ನಕ್ಕರು. ದೋಣಿ ಕಟ್ಟುವ ಜಟ್ಟಿ ಅಜ್ಜ. ಎಪ್ಪತ್ತು ದಾಟಿದವರು, ನಮ್ಮ ಹಿನ್ನೀರಿನಲ್ಲಿ ತೇಲುವ ದೋಣಿಗಳಲ್ಲಿ ಅರ್ಧ ಅವರ ಕೈಯವು. ಅವರು ಬೇಡ ಎಂದರೆ ಕೆಲಸ ಮುಗಿದಂತೆ. ಅವರು ಬೇಡ ಎಂದೇ ಅಂದರು.

"ಮಗಾ, ದೋಣಿ ನೀರಲ್ಲಿರ್ತದೆ. ನಿನ್ನ ದಂಬೆ ಆಕಾಶದಲ್ಲಿರ್ತದೆ. ಕಾಂಡ್ಲಾ ಬಿಸಿಲಿಗೆ ಬಾಯಿ ಬಿಡೂ ಮರ. ಕಟ್ಟಿ ಮುಗಿಸೂದರೊಳಗೆ ಸಂದು ಸಂದಲ್ಲೂ ಬೆರಳು ತೂರ್ತದೆ."

"ದಡಕ್ಕೆ ಎಳೆದಿಟ್ಟ ದೋಣಿಯೂ ಬಿಸಿಲಿಗೆ ಬಾಯಿ ಬಿಡ್ತದಲ್ಲ ಅಜ್ಜಾ. ಎರಡು ದಿನ ನೀರು ಕುಡಿಸಿದ್ರೆ ಮುಚ್ಚಿಕೊಳ್ಳೂದಿಲ್ವೋ? ಹಸಿ ಹಲಗೆಗೆ ನನ್ನ ಅಟ್ಟದಲ್ಲಿ ರಾಶಿ ಬಿದ್ದ ಒಣ ಮೊಳೆ ಹೊಡೀತೆ. ಮೊಳೆ ಕುಡಿದು ಊದ್ತದೆ."

ಅವರು ದಕ್ಕೆಯ ಕಂಬಕ್ಕೆ ಬೆರಳಿನಿಂದ ಕುಟ್ಟಿ ನೋಡಿದರು. ಆಮೇಲೆ, "ಸೋರೂದನ್ನು ನೋಡೂಕಾದ್ರೂ ಬತ್ತೆ" ಎಂದರು. ಅಷ್ಟು ಸಾಕಾಗಿತ್ತು. ರೋಹಿಣಿಗೆ ಆರು ತಿಂಗಳಿತ್ತು. ಅಲ್ಲಿಯವರೆಗೆ ಕಟ್ಟಿ, ನೀರು ಬಂದರೆ ಉಳಿಯುವುದು, ಬಾರದಿದ್ದರೆ ಅದೇ ಸಂಜೆ ಹೊರಡುವುದು ಎಂದು ಹೊನ್ನಪ್ಪಣ್ಣ ತೀರ್ಮಾನ ಕೊಟ್ಟರು.

ಆ ಆರು ತಿಂಗಳು! ನನ್ನ ಬದುಕಿನಲ್ಲಿ ಅಂಥ ದಿನಗಳು ಹಿಂದೆ ಬಂದಿರಲಿಲ್ಲ. ಬೆಳಿಗ್ಗೆ ಇಳಿತದ ಹೊತ್ತಿಗೆ ಇಡೀ ಊರು ಮೊಣಕಾಲವರೆಗೆ ಕೆಸರಿನಲ್ಲಿ. ಒಂದು ಮರ ಕಡಿದ ಜಾಗದಲ್ಲಿ ಮೂರು ಕೋಡು, ಅಂದರೆ ಮರದಲ್ಲೇ ಮೊಳೆತು ನೇತಾಡುವ ಉದ್ದನೆಯ ಬೀಜ, ನೆಡಬೇಕು ಎಂಬುದು ನಮ್ಮ ಹಳೆಯ ಕಟ್ಟಳೆ. ಮಕ್ಕಳು ಅದನ್ನೇ ಆಟ ಮಾಡಿಕೊಂಡು ಕೆಸರಿಗೆ ಕೋಡು ಚುಚ್ಚುತ್ತ ಓಡುತ್ತಿದ್ದರು. ಕಡಿದ ಕಂಬವನ್ನು ತರುವುದೇ ದೊಡ್ಡ ಸಾಹಸ, ಏಕೆಂದರೆ ಕಾಂಡ್ಲಾ ಕಂಬ ತೇಲುವುದಿಲ್ಲ, ಕಲ್ಲಿನ ಹಾಗೆ ಮುಳುಗುತ್ತದೆ. ಇನ್ನೊಂದು ಜಾತಿಯ ಕಾಂಡ್ಲಾ ಇದೆ, ಅದರ ಉಸಿರುಬೇರುಗಳು ಕೆಸರಿನಿಂದ ಬೆರಳಿನ ಹಾಗೆ ಮೇಲೆದ್ದಿರುತ್ತವೆ, ಒಳಗೆ ಬೆಂಡು. ಆ ಬೇರಿನ ಕಟ್ಟುಗಳನ್ನು ಕಂಬದ ಎರಡೂ ಬದಿಗೆ ಬಿಗಿದು ಗುಲಾಬಿ ತನ್ನ ದೋಣಿಯ ಹಿಂದೆ ಎಳೆದು ತರುತ್ತಿದ್ದಳು. ಒಂದೇ ಮರದ ಕುಲ, ಒಂದು ಮುಳುಗುತ್ತದೆ, ಇನ್ನೊಂದು ಅದನ್ನು ತೇಲಿಸುತ್ತದೆ. ನಾನು ಇದನ್ನು ಹುಟ್ಟಿದಾಗಿನಿಂದ ನೋಡಿದವಳು. ಆದರೂ ಮೊದಲ ಕಂಬ ಹಂಸದಂತೆ ತೇಲಿ ಬಂದಾಗ ಕೂಗಿಬಿಟ್ಟೆ.

ಕಂಬ ಹೂಳುವುದಕ್ಕೆ ಒಂದು ದೊಡ್ಡ ಕಲ್ಲುಗುಂಡನ್ನು ಹಗ್ಗಕ್ಕೆ ಕಟ್ಟಿ, ಇಪ್ಪತ್ತು ಜನ ಎಳೆದು ಬಿಡುವುದು. ಪ್ರತಿ ಪೆಟ್ಟಿಗೂ ಎಲ್ಲರೂ ಒಟ್ಟಿಗೆ "ಹೋ" ಎನ್ನುವುದು. ಆ ಸದ್ದು ಆಚೆ ಗುಡ್ಡಕ್ಕೆ ಬಡಿದು ಹಿಂದಿರುಗುವುದು. ಹಲಗೆ ಸೀಳುವ ಕೆಲಸ ಜಟ್ಟಿ ಅಜ್ಜನದು. ಸೋರುವುದನ್ನು ನೋಡಲು ಬಂದವರು ಎರಡನೆಯ ದಿನವೇ ನನ್ನ ಕಂಚಿನ ಗರಗಸ ಕಸಿದುಕೊಂಡಿದ್ದರು, ನಾನು ಹಿಡಿಯುವ ರೀತಿ ನೋಡಲಾಗದೆ.

ಮಾಘದಲ್ಲಿ ದೊಡ್ಡ ಪೆಟ್ಟು ಬಿತ್ತು. ಹಿನ್ನೀರಿನ ನಡುವಿಗೆ ಬೇಕಾದ ಅತಿ ಉದ್ದದ ಎರಡು ಕಂಬಗಳನ್ನು ತರುವಾಗ ಬೇರಿನ ಕಟ್ಟು ಬಿಚ್ಚಿ ಅವು ಆಳಕ್ಕೆ ಹೋದವು. ಗುಲಾಬಿ ದೋಣಿಯಿಂದ ಧುಮುಕಿದಳು. ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಕೊನೆಗೆ ನೀರೊಡೆದು ಮೇಲೆದ್ದಾಗ ಅವಳ ಕೈಯಲ್ಲಿ ಹಗ್ಗದ ತುದಿ ಇತ್ತು. "ಒಂದು ಸಿಕ್ತು!" ಎಂದು ಕೂಗಿ ಕೆಮ್ಮಿದಳು. ಇನ್ನೊಂದು ಸಿಗಲೇ ಇಲ್ಲ. ಅಷ್ಟು ಉದ್ದದ ಮರ ಹುಡುಕಿ, ಕಡಿದು ತರುವಷ್ಟರಲ್ಲಿ ಇಪ್ಪತ್ತೆರಡು ದಿನ ಹೋದವು. ಆ ಇಪ್ಪತ್ತೆರಡು ದಿನವೇ ನಮ್ಮ ಕುತ್ತಿಗೆಗೆ ಬಂದದ್ದು.

ಕೊನೆಯ ದಂಬೆಗೆ ಕೊನೆಯ ಮೊಳೆ ಹೊಡೆದದ್ದು ರೋಹಿಣಿಯ ಹಿಂದಿನ ದಿನ. ಕುಡಿಸಲು ಎರಡು ದಿನ ಬೇಕು ಎಂದಿದ್ದೆ; ನನಗೆ ಸಿಕ್ಕಿದ್ದು ಒಂದೇ ಹಗಲು. ಅಜ್ಜ ಹೇಳಿದಂತೆಯೇ ಆಗಿತ್ತು. ವೈಶಾಖದ ಬಿಸಿಲಿಗೆ ಹಲಗೆಗಳು ಬಾಯಿ ಬಿಟ್ಟಿದ್ದವು. ಒದ್ದೆ ತೆಂಗಿನ ಮಡಲು ಹೊದಿಸಿ ಎಷ್ಟು ಕಾಪಾಡಿದರೂ ಕೆಲವು ಸಂದುಗಳಲ್ಲಿ ನನ್ನ ಕಿರುಬೆರಳು ಸಲೀಸಾಗಿ ಹೋಗುತ್ತಿತ್ತು.

ರೋಹಿಣಿಯ ಬೆಳಿಗ್ಗೆ ಸೂರ್ಯ ಮೂಡುತ್ತಲೇ ಆಚೆ ಗುಡ್ಡದಲ್ಲಿ ಒರತೆಯ ಬಾಯಿ ಬಿಚ್ಚಿದರು. ಈಚೆ ದಡದಲ್ಲಿ ದೋಣಿಗಳೆಲ್ಲ ಹೇರಿ ಸಿದ್ಧವಾಗಿದ್ದವು. ಅಡಿಯಲ್ಲಿ ಪಾತ್ರೆಪಡಗ, ಮೇಲೆ ಅಕ್ಕಿಯ ಮುಡಿ, ಅದರ ಮೇಲೆ ಮಂಚ, ಎಲ್ಲಕ್ಕಿಂತ ಮೇಲೆ ಕೋಳಿ ಬುಟ್ಟಿ. ಜನ ದೋಣಿ ಬಿಟ್ಟು ದಂಬೆಯ ಕೆಳಗೆ ಬಂದು ತಲೆ ಎತ್ತಿ ನಿಂತರು. ನೀರು ಬಂತು! ಬಿಸಿಲಿಗೆ ಹೊಳೆಯುತ್ತ ಮೊದಲ ದಂಬೆಯಲ್ಲಿ ಓಡಿತು, ಎರಡನೆಯದಕ್ಕೆ ಹಾರಿತು. ಅಲ್ಲಿಂದ ಮುಂದೆ ಸಂದು ಸಂದಿನಿಂದ ಸುರಿಯತೊಡಗಿತು. ಹತ್ತನೆಯ ದಂಬೆ ತಲುಪುವುದರೊಳಗೆ ಒಳಗೆ ಹನಿ ಉಳಿದಿರಲಿಲ್ಲ. ನೀರೆಲ್ಲ ಬಿಳಿ ಪರದೆಯಂತೆ ಹಿನ್ನೀರಿಗೆ ಬೀಳುತ್ತಿತ್ತು. ಮಕ್ಕಳಿಗೆ ಮಾತ್ರ ಹಬ್ಬ. ಹೇರದೆ ಉಳಿದ ಪುಟ್ಟ ದೋಣಿ ತೆಗೆದುಕೊಂಡು ಹೋಗಿ ಅದರ ಕೆಳಗೆ ನಿಂತು ಕಿರುಚುತ್ತ ಮೀಯುತ್ತಿದ್ದರು.

"ಸಮುದ್ರಕ್ಕೆ ಸಿಹಿನೀರು ಕುಡಿಸಿದೆ ತುಳ್ಸು" ಎಂದರು ಹೊನ್ನಪ್ಪಣ್ಣ. ಅವರ ದನಿಯಲ್ಲಿ ಕುಹಕವಿರಲಿಲ್ಲ. ದುಃಖವಿತ್ತು. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಮಧ್ಯಾಹ್ನದವರೆಗೆ ಹಾಗೆಯೇ. ನಾನು ಆಚೆ ದಡಕ್ಕೆ ಹೋಗಿ ಮೊದಲ ದಂಬೆಗೆ ಏಣಿ ಹಾಕಿ ಹತ್ತಿದೆ. ಜಟ್ಟಿ ಅಜ್ಜ ಆಗಲೇ ಮೇಲಿದ್ದರು, ಹಲಗೆಗೆ ಕಿವಿ ಇಟ್ಟು, ಕಣ್ಣು ಮುಚ್ಚಿಕೊಂಡು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ಸುಮ್ಮನಿರು ಎಂದರು. ನಾನೂ ಕಿವಿ ಇಟ್ಟೆ. ಒಳಗೆ ಕಿರ್ರ್, ಕಿರ್ರ್ ಎಂದು ಸಣ್ಣ ಸದ್ದು. ಮೊಳೆಗಳು ಊದುತ್ತಿದ್ದವು. ಅಜ್ಜ ಸಂದಿನ ಕೆಳಗೆ ಹೆಬ್ಬೆರಳು ಎಳೆದು ನನ್ನ ಮುಖದ ಮುಂದೆ ಹಿಡಿದರು. ಬೆರಳು ಒಣಗಿತ್ತು.

"ಕುಡೀತಾ ಅದೆ ಮಗಾ" ಎಂದರು. "ಈ ಹತ್ತು ಮುಚ್ಚಿದ್ವು. ಆದ್ರೆ ಇವು ಮುಚ್ಚಿ, ಆ ಮೇಲೆ ಮುಂದಿನ ಹತ್ತು ಮುಚ್ಚಿ, ಹೀಂಗೇ ಕಾಯ್ತಾ ಕೂತ್ರೆ ನಾಳಿದ್ದು ಆಗ್ತದೆ. ಊರ ಕಡೇ ದಂಬೆಗಳಿಗೆ ಈಗಲೇ ಕುಡಿಸ್ಬೇಕು. ಹಿನ್ನೀರು ತಕಂಡು ಹೊಯ್ಯಿರೋ! ಉಪ್ಪೋ ಸಿಹಿಯೋ ಮರಕ್ಕೆ ಎಂತ ಗೊತ್ತು!"

ನಾನು ಏಣಿಯಿಂದ ಜಾರಿದೆನೋ ಇಳಿದೆನೋ ಗೊತ್ತಿಲ್ಲ. ದೋಣಿ ಹುಟ್ಟು ಹಾಕಿಕೊಂಡು ಈಚೆ ದಡಕ್ಕೆ ಬಂದು ಬೊಬ್ಬೆ ಹೊಡೆದೆ. "ಕೊಡ! ಎಲ್ರೂ ಕೊಡ ತನ್ನಿ!"

ಕೊಡಗಳೆಲ್ಲ ದೋಣಿಯ ಅಡಿಯಲ್ಲಿದ್ದವು.

ಜನ ಹೊನ್ನಪ್ಪಣ್ಣನ ಮುಖ ನೋಡಿದರು. ಅವರು ನೀರಿನತ್ತ ನೋಡಿದರು. ಉಬ್ಬರ ಏರಲು ಶುರುವಾಗಿತ್ತು. "ಈಗ ಇಳಿಸಿದ್ರೆ ಮತ್ತೆ ಹೇರೂಕೆ ಹೊತ್ತಿಲ್ಲ" ಎಂದರು. "ನೀರು ಬರದೇ ಹೋದ್ರೆ ಮಕ್ಕಳು ಮರಿ ಕಟ್ಕಂಡು ಇಡೀ ಮಳೆಗಾಲ ಇಲ್ಲೇ ಸಿಕ್ಕಿಬೀಳ್ತೇವೆ. ಯಾರು ಹೊಣೆ? ನೀನು ಹೊರ್ತಿಯಾ?"

ನಿಜ ಹೇಳಬೇಕೆಂದರೆ ಆ ಕ್ಷಣ ನನಗೇ ಹೆದರಿಕೆಯಾಯಿತು. ಮೊಳೆಯ ಸದ್ದು ಕೇಳಿದ ಕಿವಿ ನನ್ನದು. ಸಿಕ್ಕಿಬೀಳುವ ಮಕ್ಕಳು ಎಲ್ಲರವರು.

ದಬ್ ಎಂದು ಸದ್ದಾಯಿತು. ಗುಲಾಬಿ ತನ್ನ ದೋಣಿಯ ಮೇಲಿನ ಮಂಚವನ್ನು ಕೆಸರಿಗೆ ಎಸೆದಿದ್ದಳು. ಅದರ ಹಿಂದೆ ಕೋಳಿ ಬುಟ್ಟಿ ಬಿತ್ತು, ಕೋಳಿಗಳು ಕೂಗುತ್ತ ನಾಲ್ಕು ದಿಕ್ಕಿಗೆ ಹಾರಿದವು. "ನಂಗೆ ಹೊಣೆ ಗಿಣೆ ಗೊತ್ತಿಲ್ಲ" ಎಂದಳು ಕೊಡ ಹೊರಗೆಳೆಯುತ್ತ. "ಅಜ್ಜ ಮುಚ್ಚಿತು ಅಂದ್ರೆ ಮುಚ್ಚಿತು. ಅವ್ರು ಇವಳನ್ನು ಹೊಗಳೂಕೆ ಸುಳ್ಳು ಹೇಳೂ ಜನ ಅಲ್ಲ."

ಎರಡನೆಯ ದೋಣಿ ಯಾರದು ಎಂದು ನೋಡಿದರೆ ಹೊನ್ನಪ್ಪಣ್ಣನದೇ. ಅವರ ಹೆಂಡತಿ ಪಾರ್ವತಕ್ಕ ಹತ್ತಿ, ಅಕ್ಕಿ ಮುಡಿ ಉರುಳಿಸಿ, ತಾಮ್ರದ ಹಂಡೆಯನ್ನು ಎರಡೂ ಕೈಯಲ್ಲಿ ಎತ್ತಿದರು. ಗಂಡನನ್ನು ನೋಡಿ, "ನಿಮ್ಮ ಅಕ್ಕನ ಮನೆ ಹಿತ್ತಲಲ್ಲಿ ಸಾಯೂಕಿಂತ ಇದೇ ಅಡ್ಡಿಲ್ಲ" ಎಂದರು. ಆಮೇಲೆ ಯಾರು ಯಾರನ್ನೂ ಕಾಯಲಿಲ್ಲ. ದಡವೆಲ್ಲ ಮಂಚ, ಚಾಪೆ, ಒರಳು, ತೊಟ್ಟಿಲು. ಖಾಲಿಯಾದ ದೋಣಿಗಳು ದಂಬೆಯ ಕೆಳಗೆ ಸಾಲುಗಟ್ಟಿದವು. ಕೊಡದಲ್ಲಿ, ಹಂಡೆಯಲ್ಲಿ, ಚೆಂಬಿನಲ್ಲಿ, ಟೋಪಿಯಲ್ಲಿ ನೀರು ಮೊಗೆದು ಮೇಲಕ್ಕೆ ಎರಚಿದರು. ಮೊದಮೊದಲು ಕೈ ಎಟುಕುತ್ತಿರಲಿಲ್ಲ, ಅರ್ಧ ನೀರು ನಮ್ಮ ತಲೆಗೇ. ಆದರೆ ಉಬ್ಬರ ಏರಿದಂತೆ ದೋಣಿಗಳೂ ಏರಿದವು, ಗೇಣು ಗೇಣಾಗಿ ನಾವು ದಂಬೆಗೆ ಹತ್ತಿರವಾದೆವು. ನಾಲ್ಕು ಗಂಟೆಯ ಹೊತ್ತಿಗೆ ಅಂಚಿನ ಮೇಲಿಂದಲೇ ಸುರಿಯುವಂತಾಯಿತು. ಹೊನ್ನಪ್ಪಣ್ಣ ಒಬ್ಬರೇ ದಡದಲ್ಲಿ ಎಷ್ಟು ಹೊತ್ತು ನಿಂತಾರು! ಪಂಚೆ ಎತ್ತಿ ಕಟ್ಟಿ ನೀರಿಗೆ ಇಳಿದರು, ನನ್ನ ದೋಣಿಗೇ ಹತ್ತಿದರು. ನಾನು ಮೊಗೆದು ಕೊಟ್ಟದ್ದನ್ನು ಅವರು ಸುರಿದರು.

ಅಜ್ಜ ಆಚೆ ದಡದಿಂದ ದಂಬೆಯ ಮೇಲೆಯೇ ಕವುಚಿ ತೆವಳುತ್ತ ನೀರಿನ ಜೊತೆಗೇ ಬರುತ್ತಿದ್ದರು. "ಇಪ್ಪತ್ತು ಮುಚ್ಚಿತು!" ಎಂದು ಕೂಗುತ್ತಿದ್ದರು. "ಮೂವತ್ತೊಂದು! ಹ್ವಾಯ್, ನಲವತ್ತು!" ಪ್ರತಿ ಕೂಗಿಗೂ ದೋಣಿಗಳಿಂದ "ಹೋ" ಎಂದು ಮರುಕೂಗು. ಬಿಳಿ ಪರದೆ ತೆಳುವಾಯಿತು, ಎಳೆ ಎಳೆಯಾಯಿತು, ಆಮೇಲೆ ಹನಿ. ಸೂರ್ಯ ಕಡಲಿಗೆ ಒಂದು ಆಳಿನಷ್ಟು ಮೇಲಿದ್ದಾಗ, ಊರ ಕೊನೆಯ ದಂಬೆಯ ಬಾಯಿಯಲ್ಲಿ ಬಂದು ಕೂತಿದ್ದ ತರಗೆಲೆಗಳು ಅಲ್ಲಾಡಿದವು. ಎಲೆಗಳು ಹೊರಗೆ ಬಿದ್ದವು. ಅವುಗಳ ಹಿಂದೆ ನೀರು, ಧಾರೆಯಾಗಿ, ಮಣಿಕಟ್ಟಿನ ದಪ್ಪಕ್ಕೆ.

ಆದರೆ ಅದು ಕೆಂಪಾಗಿತ್ತು! ಕಡುಕೆಂಪು. ಕೂಗಲು ತೆರೆದ ಬಾಯಿಗಳು ಹಾಗೆಯೇ ನಿಂತವು. ಯಾರೋ ಹೆಂಗಸು "ಅಯ್ಯೋ ದೇವರೇ" ಎಂದಳು. ಗುಲಾಬಿ ಮುಂದೆ ಹೋಗಿ ಬೊಗಸೆ ಒಡ್ಡಿ ಕುಡಿದಳು. ಮುಖ ಕಿವುಚಿದಳು.

"ಒಗರು" ಎಂದಳು. "ಸ್ವಲ್ಪ ಉಪ್ಪು." ಮತ್ತೊಂದು ಬೊಗಸೆ ಕುಡಿದಳು. "ಕಾಂಡ್ಲಾ ಚಾ ಮಾಡಿ ಕಳಿಸಿದೆ ನೋಡಿ. ಒಗರಿನ ಕೆಳಗೆ ಸಿಹಿನೀರೇ ಅದೆ, ತಣ್ಣಗಿದೆ! ಬನ್ನಿ, ಬನ್ನಿ!"

ಆಗ ಎದ್ದ ಕೂಗು ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ತಳ್ಳಾಟ, ನಗು, ಅಳು. ಪಾರ್ವತಕ್ಕ ಹಂಡೆಯನ್ನು ಧಾರೆಯ ಕೆಳಗೆ ಇಟ್ಟು ಅದಕ್ಕೆ ಒರಗಿ ಕೂತುಬಿಟ್ಟರು. ಜಟ್ಟಿ ಅಜ್ಜನನ್ನು ದಂಬೆಯಿಂದ ಇಳಿಸಲು ನಾಲ್ಕು ಜನ ಬೇಕಾದರು. ಮೊಣಕೈ ಮೊಣಕಾಲು ತರಚಿ ರಕ್ತ. "ಕಡೇ ಸಂದು ಇನ್ನೂ ತೊಟ್ಟಿಕ್ತಾ ಅದೆ, ನಾಳೆ ನೋಡ್ಬೇಕು" ಎಂದು ಗೊಣಗುತ್ತಲೇ ಇಳಿದರು. ನಾನು ಎಲ್ಲರಾದ ಮೇಲೆ ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ಒಗರು, ಗಂಟಲಿಗೆ ಮಾತ್ರ ತಂಪು. ಕುಡಿದಷ್ಟೂ ಸಾಕೆನಿಸಲಿಲ್ಲ. ಆ ಬಣ್ಣ ಹೋಗಲು ಹದಿನೆಂಟು ದಿನ ಬೇಕಾಯಿತು. ಅಷ್ಟು ದಿನವೂ ಊರಿನ ಅನ್ನ ತಿಳಿಗೆಂಪಾಗಿತ್ತು.

ಆ ಸಂಜೆ ಎಲ್ಲರೂ ಕುಡಿದು ಮುಗಿಸುವಷ್ಟರಲ್ಲಿ ಉಬ್ಬರ ತುಂಬಿ, ನಿಂತು, ಇಳಿಯತೊಡಗಿತ್ತು. ಖಾಲಿ ದೋಣಿಗಳು ಒಂದೊಂದಾಗಿ ಕೆಸರಿನಲ್ಲಿ ಕೂತವು. ದಡದಲ್ಲಿ ಈಗ ಬೇರೆಯೇ ಜಗಳ: ಈ ಮಂಚ ಯಾರದು, ಆ ಚಾಪೆ ಯಾರದು, ನನ್ನ ಕರಿ ಕೋಳಿ ಯಾರಾದರೂ ಕಂಡಿರಾ. ಅದರ ನಡುವೆ ಹೊನ್ನಪ್ಪಣ್ಣ ತಮ್ಮ ಮನೆಯ ಒರಳುಕಲ್ಲನ್ನು ಕೆಸರಿನಿಂದ ಕೀಳಲು ಒಬ್ಬರೇ ಹೆಣಗುತ್ತಿದ್ದರು. ಅಲ್ಲಾಡಿಸಿದಷ್ಟೂ ಅದು ಇನ್ನಷ್ಟು ಹೂತುಹೋಗುತ್ತಿತ್ತು. ಮುಖದ ತುಂಬ ಕೆಸರು, ಪಂಚೆಯ ಬಣ್ಣವೇ ತಿಳಿಯದು. ತಲೆ ಎತ್ತಿ ನನ್ನನ್ನು ಕಂಡರು.

"ಎಂತ ನೋಡ್ತಾ ನಿಂತೆ?" ಎಂದು ಗದರಿದರು. "ಬಂದು ಆ ಬದಿ ಹಿಡಿ. ಮನೆಗೆ ಹೊತ್ಕಂಡು ಹೋಗ್ಬೇಕು."

ನಾನು ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ.